ಅಮಾ-ಲೆಯ ವ್ಯಾನಿನ ಗಾಜು

ಗಾಡಿ ಓಡಿಸುವುದು ನನಗೆ ಬರುವುದಿಲ್ಲ, ಗಾಜಿನ ಕೆಲಸವಂತೂ ಗೊತ್ತೇ ಇಲ್ಲ. ಆದರೂ ಈ ಕತೆ ಹೇಳಲು ಹೊರಟಿದ್ದೇನೆ. ಬಲ್ಲವರು ತಪ್ಪು ಕಂಡರೆ ಮನ್ನಿಸಬೇಕು.

"ಟಿಕ್!"

ಕುನ್ಜೆಸ್ ಕೆಟಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ವ್ಯಾನಿನ ಮುಂದಿನ ಗಾಜಿನ ಮೇಲೆ ಅವಳು ಸುರಿದ ಬಿಸಿನೀರು ಹಬೆಯಾಡುತ್ತ ಇಳಿಯುತ್ತಿತ್ತು. ಹಿಮದ ಪೊರೆ ಕರಗಿತ್ತು. ಆದರೆ ಬೆರಳುಗುರಿನಷ್ಟಿದ್ದ ಚುಕ್ಕಿಗೆ ಈಗ ಒಂದು ಬಾಲ ಬೆಳೆದಿತ್ತು. ಸಣ್ಣ, ಬೆಳ್ಳಗಿನ ಗೆರೆ.

ಆ ಚುಕ್ಕಿ ಬಿದ್ದದ್ದು ಗುರುವಾರ. ಸಿಂಧೂ ನದಿಯ ಸೇತುವೆ ಹತ್ತಿರ ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಬಡಿದಿತ್ತು. ಒಳಗೆ ಧೂಳು ಹೋಗದಿರಲಿ ಎಂದು ಅಮಾ-ಲೆ, ಅಂದರೆ ಅವಳ ಅಮ್ಮ, ಅದರ ಮೇಲೆ ಟೇಪ್ ಅಂಟಿಸಿದ್ದಳು. ಇವತ್ತು ಶನಿವಾರ, ಶಾಲೆಗೆ ರಜೆ. ಲೇಹ್‌ಗೆ ಹೋಗಿ ಅದಕ್ಕೆ ಅಂಟು ತುಂಬಿಸಿಕೊಂಡು ಬರುವುದಿತ್ತು. ಹೊರಡುವ ಮೊದಲು ಗಾಜು ಫಳಫಳ ಅನ್ನಲಿ, ಅಮ್ಮನಿಗೆ ಖುಷಿಯಾಗಲಿ ಎಂದು ಕುನ್ಜೆಸ್ ಒಲೆಯ ಮೇಲಿನ ಕೆಟಲ್ ತಂದಿದ್ದಳು.

ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಹಾಕಬಾರದು, ಬಿರುಕು ಬಿಡುತ್ತದೆ. ಅವರ ಊರಿನಲ್ಲಿ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕುನ್ಜೆಸ್‌ಗೂ ಗೊತ್ತಿತ್ತು. ಸ್ವಲ್ಪ ಹಾಕಿದರೆ ಏನಾಗುತ್ತೆ ಅಂದುಕೊಂಡಿದ್ದಳು, ಅಷ್ಟೆ.

ಹಸುವಿಗೆ ಹುಲ್ಲು ಹಾಕಿ ಬಂದ ಅಮಾ-ಲೆ ಗಾಜು ನೋಡಿದಳು.

"ಅಯ್ಯೋ, ಬಿರುಕು ಓಡಿಬಿಟ್ಟಿದೆ! ರಾತ್ರಿ ಚಳಿ ಜಾಸ್ತಿ ಆಯ್ತು ಅನ್ಸುತ್ತೆ."

ಕುನ್ಜೆಸ್ ಕೆಟಲನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

ಆ ವ್ಯಾನೆಂದರೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಊರಿನ ಎಂಟು ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿ ಅದು. ಆ ರಸ್ತೆಯಲ್ಲಿ ಗಾಡಿ ಓಡಿಸುವ ಹೆಂಗಸು ಅಮಾ-ಲೆ ಒಬ್ಬಳೇ. "ನಾಲ್ಕು ವರ್ಷದಲ್ಲಿ ನಮ್ಮಮ್ಮನ ಗಾಡಿ ಒಂದು ದಿನಾನೂ ತಪ್ಪಿಲ್ಲ, ಗೊತ್ತಾ?" ಎಂದು ಕ್ಲಾಸಿನಲ್ಲಿ ಅವಳು ಎಷ್ಟು ಸಲ ಹೇಳಿದ್ದಳೋ!

ಲೇಹ್‌ನಲ್ಲಿ ಮೇಮೆ ಟುಂಡುಪ್ ಅವರ ಗಾಡಿ ಗಾಜಿನ ಅಂಗಡಿ. ಅವರಿಗೆ ತಾತನ ವಯಸ್ಸು, ಅದಕ್ಕೇ ಎಲ್ಲರೂ ಮೇಮೆ ಅನ್ನುತ್ತಾರೆ, ಎದುರಿಗೆ ಗೌರವದಿಂದ ಮೇಮೆ-ಲೆ. ಅಂಗಡಿಯ ಮುಂದಿನ ಬಿಸಿಲಿನಲ್ಲಿ ಕುನ್ಜೆಸ್ ಊರಿನವನೇ ಆದ ಟ್ಯಾಕ್ಸಿ ಗುರ್ಮೆತ್ ಚಹಾ ಕುಡಿಯುತ್ತ ಕೂತಿದ್ದ.

ಮೇಮೆ ಗಾಜಿನ ಹತ್ತಿರ ಬಾಗಿ ಅಮಾ-ಲೆಯನ್ನು ಕೇಳಿದರು. "ಫೋನಲ್ಲಿ ಉಗುರಿನಷ್ಟು ಅಂದ್ಯಲ್ಲ, ಚೋರೋಲ್?"

"ನಿನ್ನೆ ಅಷ್ಟೇ ಇತ್ತು, ಮೇಮೆ-ಲೆ. ಬೆಳಿಗ್ಗೆ ನೋಡಿದ್ರೆ ಹೀಗಾಗಿದೆ."

"ನಿಂತಲ್ಲೇ ಓಡ್ತಾ?" ಮೇಮೆಯ ಹುಬ್ಬು ಗಂಟಾಯಿತು. "ಹಾಗಾದ್ರೆ ಫ್ರೇಮ್ ಸೊಟ್ಟ ಆಗಿರ್ಬೇಕು. ಸೊಟ್ಟ ಫ್ರೇಮಿಗೆ ಹೊಸ ಗಾಜು ಹಾಕಿದ್ರೆ ಅದೂ ಒಡೆಯುತ್ತೆ. ಎಲ್ಲಾದ್ರೂ ಹಳ್ಳಕ್ಕೆ ಇಳಿಸಿದ್ಯಾ?"

"ಇಲ್ಲಪ್ಪ!"

ಗುರ್ಮೆತ್ ನಕ್ಕ. "ಇಳಿಸಿದ್ರೂ ಹೇಳ್ತಾರಾ, ಮೇಮೆ-ಲೆ? ಚೋರೋಲ್, ಇದನ್ನ ಮಾರಿ ಒಂದು ಎತ್ತು ತಗೋ. ಹೊಲಾನೂ ಉಳುತ್ತೆ, ಒಡೆಯೋಕೆ ಗಾಜೂ ಇರಲ್ಲ!"

"ತಗೋತೀನಿ. ನಿನ್ನ ಮಗನ್ನ ಅದರ ಕೊಂಬಿಗೆ ಕಟ್ಟಿ ಸ್ಕೂಲಿಗೆ ಕಳಿಸ್ತೀನಿ," ಅಂದಳು ಅಮಾ-ಲೆ. ಮಾತು ಜೋರಾಗಿಯೇ ಇತ್ತು. ಆದರೆ ಅವಳ ಕೈ ಸ್ಟೇರಿಂಗ್ ಹಿಡಿದವರ ಹಾಗೆ ಮುಷ್ಟಿ ಕಟ್ಟಿಕೊಂಡಿತ್ತು. ಕುನ್ಜೆಸ್ ಅದನ್ನು ನೋಡಿದಳು.

ಅವಳ ಕಿವಿ ಬಿಸಿಯಾಯಿತು.

"ಹಳ್ಳಕ್ಕೆ ಇಳಿಸಿಲ್ಲ," ಅಂದಳು. ದನಿ ಕೀರಲಾಗಿ ಬಂತು. "ನಾನೇ... ಬೆಳಿಗ್ಗೆ ಬಿಸಿನೀರು ಹಾಕಿದೆ."

ಅಮಾ-ಲೆ ಅವಳ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದು ಕುನ್ಜೆಸ್ ನೆಲ ನೋಡಿದಳು.

ಮೇಮೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಸಿನೀರಾ! ಇದನ್ನ ಮೊದಲೇ ಹೇಳೋದಲ್ವಾ? ನಿನ್ನಷ್ಟಿದ್ದಾಗ ನಮ್ಮ ಮಾವನ ಜೀಪಿಗೆ ನಾನೂ ಹಾಕಿದ್ದೆ. ಫ್ರೇಮ್ ಚೆನ್ನಾಗೇ ಇದೆ ಬಿಡು. ಬಾ ಇಲ್ಲಿ, ಆ ಗೆರೆ ಪಕ್ಕ ಕೈ ಇಡು."

ಕುನ್ಜೆಸ್ ತಣ್ಣನೆಯ ಗಾಜಿಗೆ ಅಂಗೈ ಒತ್ತಿದಳು. ಗೆರೆ ಅವಳ ಅಂಗೈಗಿಂತ ಸ್ವಲ್ಪ ಗಿಡ್ಡ. ಅಂಚಿಗೆ ಮುಟ್ಟಿರಲಿಲ್ಲ. ಡ್ರೈವರ್ ಕಣ್ಣೆದುರಿಗೂ ಇರಲಿಲ್ಲ.

"ಇಷ್ಟಾದ್ರೆ ಅಂಟು ತುಂಬಿಸಬಹುದು," ಅಂದರು ಮೇಮೆ. "ಒಂದು ಗಂಟೆ ಕೆಲಸ. ಬದಲಾಯಿಸೋದಾದ್ರೆ ಗಾಜು ಶ್ರೀನಗರದಿಂದ ಬರ್ಬೇಕು, ಬುಧವಾರ ಆಗುತ್ತೆ. ಏನ್ ಮಾಡ್ಲಿ?"

ಒಂದು ಗಂಟೆ! ಕುನ್ಜೆಸ್‌ಗೆ ಉಸಿರು ಬಂದಂತಾಯಿತು. ಸೋಮವಾರ ಗಾಡಿ ಎಂದಿನಂತೆ ಹೊರಡುತ್ತದೆ. ಒಂದು ದಿನವೂ ತಪ್ಪುವುದಿಲ್ಲ.

"ತುಂಬಿಸಿದ್ರೆ ನಿಲ್ಲುತ್ತಾ?" ಅಮಾ-ಲೆ ಕೇಳಿದಳು.

"ಬರೀ ಚುಕ್ಕಿ ಆಗಿದ್ರೆ ಮಾತು ಕೊಡ್ತಿದ್ದೆ. ಬಾಲ ಬಂದಿದೆ. ನಿಲ್ಲಬಹುದು. ಡಿಸೆಂಬರ್ ಚಳಿಗೆ ಮತ್ತೆ ಓಡಲೂಬಹುದು. ನಾನ್ಯಾಕೆ ಸುಳ್ಳು ಹೇಳ್ಲಿ?"

ಅಮಾ-ಲೆ ಗಾಜನ್ನು ನೋಡಿದಳು. ಆಮೇಲೆ ಹಿಂದಿನ ಖಾಲಿ ಸೀಟುಗಳನ್ನು ನೋಡಿದಳು. ಒಂದೊಂದರಲ್ಲೂ ಯಾರೋ ಕೂತಿದ್ದಾರೇನೋ ಎಂಬಂತೆ ನಿಧಾನವಾಗಿ ನೋಡಿದಳು.

"ಬದಲಾಯಿಸಿ, ಮೇಮೆ-ಲೆ."

"ಅಮಾ-ಲೆ! ಸೋಮವಾರ ತಪ್ಪಿಹೋಗುತ್ತೆ!"

"ತಪ್ಪಲಿ." ಅಮಾ-ಲೆ ಗುರ್ಮೆತ್ ಕಡೆ ತಿರುಗಿದಳು. "ಏ ಗುರ್ಮೆತ್, ಬುಧವಾರದ ತನಕ ಮಕ್ಕಳನ್ನ ನೀನು ಕರ್ಕೊಂಡು ಹೋಗು. ಇಳಿಜಾರಲ್ಲಿ ಹಾಡು ಹಾಕ್ಬೇಡ. ಜಿಗ್ಮತ್‌ಗೆ ವಾಂತಿ ಬರುತ್ತೆ, ಕಿಟಕಿ ಪಕ್ಕ ಕೂರಿಸು."

ಗುರ್ಮೆತ್ ಚಹಾದ ಲೋಟ ಕೆಳಗಿಟ್ಟ. ಜಿಗ್ಮತ್ ಅವನ ಮಗನೇ. "ಅವನಿಗೆ ವಾಂತಿ ಬರುತ್ತೆ ಅಂತ ನನಗೇ ಗೊತ್ತಿರ್ಲಿಲ್ಲ," ಅಂದ, ಮೆಲ್ಲಗೆ. "ಆಯ್ತು. ಹಾಡು ಹಾಕಲ್ಲ."

ಬಸ್ಸಿನಲ್ಲಿ ಊರಿಗೆ ಮರಳುವಾಗ ಅಮಾ-ಲೆ ಚೀಲದಿಂದ ರೊಟ್ಟಿ ತೆಗೆದು ಮುರಿದಳು. ದೊಡ್ಡ ತುಂಡನ್ನು ಕುನ್ಜೆಸ್‌ಗೆ ಕೊಟ್ಟಳು.

"ನಾಳೆಯಿಂದ ಕೆಟಲ್ ನನ್ನ ಹತ್ರ ಇರುತ್ತೆ," ಅಂದಳು. ಬೈಗುಳ ಅಷ್ಟೇ.

ಸೋಮವಾರ ಗುರ್ಮೆತ್‌ನ ಟ್ಯಾಕ್ಸಿಯಲ್ಲಿ ಎಂಟು ಮಕ್ಕಳೂ ಒತ್ತೊತ್ತಾಗಿ ಕೂತರು. ಕಿಟಕಿ ಪಕ್ಕದಿಂದ ಜಿಗ್ಮತ್ ಚುಡಾಯಿಸಿದ, "ಏನೇ, ಒಂದು ದಿನಾನೂ ತಪ್ಪಲ್ಲ ಅಂತಿದ್ದೆ? ನಿಮ್ಮ ಗಾಡಿ ನಿಂತುಹೋಯ್ತಾ?"

ಕುನ್ಜೆಸ್ ಬೆನ್ನು ನೆಟ್ಟಗೆ ಮಾಡಿದಳು.

"ನಿಂತುಹೋಗಿಲ್ಲ. ನಮ್ಮಮ್ಮ ನಿಲ್ಲಿಸಿದಾಳೆ."

ಬುಧವಾರ ಹೊಸ ಗಾಜು ಬಂತು. ಕುನ್ಜೆಸ್ ಮುಂದಿನ ಸೀಟಿನಲ್ಲಿ ಕೂತು ಅದರಾಚೆ ಬೆಟ್ಟ ನೋಡಿದಳು. ಅಂಗೈ ಇಟ್ಟಿದ್ದ ಜಾಗ ಯಾವುದೆಂದು ಹುಡುಕಿದಳು. ಅಲ್ಲೀಗ ಏನೂ ಇರಲಿಲ್ಲ.

ಆ ಹಳೇ ಗಾಜಿಗೆ ಅಂಟು ತುಂಬಿಸಿದ್ದರೆ ಡಿಸೆಂಬರ್ ಚಳಿ ತಡೆಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಮೇಮೆ ಟುಂಡುಪ್ ಅವರನ್ನೂ ಕೇಳಿದೆ. ಅವರಿಗೂ ಗೊತ್ತಿಲ್ಲವಂತೆ.