ಖಾಲಿ ಬಸ್ಸಿನಲ್ಲಿ ಪಕ್ಕದ ಸೀಟು

ಬಸ್ಸಿನ ತುಂಬಾ ಸೀಟುಗಳು ಖಾಲಿ ಇದ್ದವು. ಆದರೂ ಅವಳು ನೆಟ್ಟಗೆ ಹೋಗಿ, ಇದ್ದ ಒಬ್ಬನೇ ಪ್ರಯಾಣಿಕನ ಪಕ್ಕದಲ್ಲಿ ಕೂತುಬಿಟ್ಟಳು!

ಅದರಲ್ಲಿ ತಪ್ಪೇನು? ಗುರುತಿಲ್ಲದ ದೇಶ, ಕೆಲಸದ ಮೊದಲ ದಿನ, ಎದೆಯಲ್ಲಿ ಡವಡವ. ತುಂಬಿದ ಮನೆಯಲ್ಲಿ ಬೆಳೆದವಳಿಗೆ ಪಕ್ಕದಲ್ಲೊಬ್ಬ ಮನುಷ್ಯ ಇದ್ದರೇ ಧೈರ್ಯ.

ಆದರೆ ಅವನು ಬೆಚ್ಚಿಬಿದ್ದ. ಅವಳನ್ನು ನೋಡಿದ. ಖಾಲಿ ಸೀಟುಗಳನ್ನು ನೋಡಿದ. ಆಮೇಲೆ ಅವಳ ಮೊಣಕಾಲು ತಾಗದಂತೆ ಮೆಲ್ಲಗೆ ನುಸುಳಿ, ಎರಡು ಸಾಲು ಹಿಂದೆ ಹೋಗಿ ಕೂತ.

ಅವಳಿಗೆ ಮೂಗಿನ ತುದಿಗೆ ಕೋಪ ಬಂತು. ತಕ್ಷಣ ಅಕ್ಕನಿಗೆ ಫೋನ್ ಮಾಡಿದಳು.

"ಅಕ್ಕಾ, ಇಲ್ಲೊಬ್ಬ ಮಹಾರಾಯ ಇದ್ದಾನೆ ಕಣೇ! ಪಕ್ಕದಲ್ಲಿ ಕೂತಿದ್ದಕ್ಕೆ ಹಾವು ಕಂಡೋನ ಹಾಗೆ ಎದ್ದು ಹೋದ. ಏನು ಜಂಬ ಅಂತೀಯಾ!"

"ಲೇ ಸೂಜಿಮೆಣಸೇ, ಮೆಲ್ಲಗೆ ಮಾತಾಡೇ..."

"ಅಯ್ಯೋ, ಇಲ್ಲಿ ಯಾರಿಗೆ ಅರ್ಥ ಆಗುತ್ತೆ ಬಿಡು!"

ಅರ್ಥವಾಗುವವನು ಎರಡು ಸಾಲು ಹಿಂದೆ ಕೂತು ಕಿಟಕಿಯ ಕಡೆ ನಗುತ್ತಿದ್ದ.

ಅದು ಅವಳಿಗೆ ಗೊತ್ತಾಗಿದ್ದು ತಾನು ಕೆಲಸಕ್ಕೆ ಸೇರಿದ ಹೊಲಿಗೆ ಅಂಗಡಿಯಲ್ಲಿ. ಮೆಷಿನ್ ಮುಂದೆ ಕೂತು ತಡಕಾಡುತ್ತಿದ್ದಾಗ ಹಿಂದಿನಿಂದ ಅಚ್ಚ ಕನ್ನಡ ಕೇಳಿಸಿತು.

"ಕತ್ತರಿ ಎಡಗಡೆ ಡ್ರಾಯರ್‌ನಲ್ಲಿದೆ ನೋಡಿ."

ತಿರುಗಿದಳು. ಅವನೇ! ಆ ಅಂಗಡಿಯ ಕಟಿಂಗ್ ಮಾಸ್ಟರ್!

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಆದರೆ ನಾಚಿಕೆಗೆ ಹೆದರಿ ಓಡಿಹೋಗುವ ಜಾತಿ ಅವಳದ್ದಲ್ಲ. ಒಂದು ವರ್ಷದ ಕೆಲಸಕ್ಕೆ ಒಪ್ಪಿ ಬಂದಿದ್ದಳು. 'ಈ ದೇಶವನ್ನ ಕಲಿತೇ ತೀರ್ತೀನಿ' ಎಂದು ಸೆರಗು ಸಿಕ್ಕಿಸಿ ನಿಂತಳು.

ಕಲಿಯುವುದಕ್ಕೆ ಏನು ಕಡಿಮೆಯೇ! ಇಲ್ಲಿ ನೀವು ಯಾರದಾದರೂ ಕಾಲು ತುಳಿದರೆ, ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ಅಂಗಡಿಯಲ್ಲಿ ಒಬ್ಬನೇ ಗಿರಾಕಿ ಇದ್ದರೂ ಸಾಲಿನ ಗೆರೆಯ ಹಿಂದೆಯೇ ನಿಂತು ತನ್ನ ಸರದಿಗೆ ಕಾಯುತ್ತಾನೆ. ಪಕ್ಕದ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಮೋಡದ ಸಮಾಚಾರ ಪೂರ್ತಿ ಒಪ್ಪಿಸುತ್ತಾಳೆ, ತನ್ನ ಹೆಸರು ಮಾತ್ರ ಹೇಳುವುದಿಲ್ಲ.

ಒಂದು ಮಧ್ಯಾಹ್ನ ಅವಳು ಅಭ್ಯಾಸಬಲದಿಂದ ಅಂಗಡಿಯ ಯಜಮಾನಿಯನ್ನು, "ಊಟ ಆಯ್ತಾ?" ಎಂದು ಅಲ್ಲಿಯ ಭಾಷೆಯಲ್ಲೇ ಕೇಳಿದಳು. ಯಜಮಾನಿ ಖುಷಿಯಿಂದ ಕೋಟು ಹಾಕಿಕೊಂಡು, ಲಿಪ್‌ಸ್ಟಿಕ್ ತೀಡಿಕೊಂಡು, "ಎಲ್ಲಿಗೆ ಹೋಗೋಣ?" ಎಂದು ಬಾಗಿಲಲ್ಲಿ ನಿಂತುಬಿಟ್ಟಳು!

ಮಾಸ್ಟರ್ ಬಟ್ಟೆಯ ರಾಶಿಯೊಳಗೆ ಮುಖ ಹುದುಗಿಸಿಕೊಂಡು ನಕ್ಕ.

"ಇಲ್ಲಿ ಸುಮ್ಮಸುಮ್ಮನೆ ಊಟ ಆಯ್ತಾ ಅಂತ ಕೇಳಬಾರದು ರೀ. ಕೇಳಿದ್ರೆ ಜೊತೆಗೆ ಬನ್ನಿ ಅಂತ ಕರೆದ ಹಾಗೆ!"

"ಮೊದಲೇ ಹೇಳೋಕೇನಾಗಿತ್ತು ನಿಮಗೆ?" ಎಂದು ರೇಗಿದಳು. ಆಮೇಲೆ ತಾನೂ ನಕ್ಕಳು.

ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ಬೀದಿಯಲ್ಲಿ ಕಂಡ ತಮಾಷೆಯನ್ನು ಅಕ್ಕನಿಗಿಂತ ಮೊದಲು ಅವನಿಗೆ ಹೇಳಬೇಕು ಅನ್ನಿಸತೊಡಗಿತು. ಅವನು ನಗದ ದಿನ ಹೊಲಿಗೆಯೂ ಸೊಟ್ಟಗೆ ಹೋಗುತ್ತಿತ್ತು.

ಆದರೆ ಬಸ್ಸಿನಲ್ಲಿ... ಪ್ರತಿ ಬೆಳಿಗ್ಗೆ ಅದೇ ಎರಡು ಸಾಲು ಹಿಂದೆ! ಅಂಗಡಿಯಲ್ಲಿ ಇಷ್ಟು ಹತ್ತಿರ, ಬಸ್ಸಿನಲ್ಲಿ ಅಷ್ಟು ದೂರ. 'ನನ್ನ ಪಕ್ಕ ಕೂರೋದು ಇವರಿಗೆ ಅಷ್ಟು ಕಷ್ಟವಾ?'

ವರ್ಷ ಮುಗಿಯುತ್ತ ಬಂತು. ಯಜಮಾನಿ ಕರೆದು ಕೇಳಿದಳು. "ಇನ್ನೊಂದು ವರ್ಷ ಇರ್ತೀಯಾ? ನಾಳೆ ಹೇಳು."

ಅವಳು ಮಾಸ್ಟರನ ಮೇಜಿನ ಕಡೆ ನೋಡಿದಳು.

ಯಜಮಾನಿಯೂ ಆ ಕಡೆ ನೋಡಿದಳು. "ವಿಚಿತ್ರ ಮನುಷ್ಯ ಅವನು. ಅವನ ಕೆಲಸ ಶುರುವಾಗೋದೇ ಮಧ್ಯಾಹ್ನ. ನೀನು ಬಂದಾಗಿಂದ ಬೆಳಿಗ್ಗೆಯ ಬಸ್ಸಿಗೇ ಬರ್ತಾನೆ."

ಅವಳ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು. ನೋವೇ ಗೊತ್ತಾಗಲಿಲ್ಲ!

ಮರುದಿನ ಬಸ್ಸು ಎಂದಿನಂತೆ ಖಾಲಿ. ಅವನು ಎಂದಿನಂತೆ ಹಿಂದೆ. ಅವಳು ಎದ್ದು ಹೋಗಿ ಅವನ ಮುಂದೆ ನಿಂತಳು.

"ಮಧ್ಯಾಹ್ನದ ಕೆಲಸಕ್ಕೆ ಬೆಳಿಗ್ಗೆ ಯಾಕೆ ಬರ್ತೀರಿ?"

ಅವನ ಮುಖದ ಬಣ್ಣ ಇಳಿಯಿತು. "ಅದು... ಮೊದಲನೇ ದಿನ ಏನೋ ಕೆಲಸ ಇತ್ತು ಅಂತ ಬೇಗ ಹೊರಟಿದ್ದೆ. ಅವತ್ತು ನೀವು ತುಂಬಾ ಹೆದರಿದ್ರಿ. ಹಿಂದೆ ಒಬ್ಬರು ಇದ್ರೆ ಧೈರ್ಯ ಅಂತ..."

"ಮತ್ತೆ ಅವತ್ತು ಎದ್ದು ಹೋಗಿದ್ದು?"

"ಬಂದ ಹೊಸದರಲ್ಲಿ ನಾನೂ ಹೀಗೇ ಒಬ್ಬ ಅಜ್ಜಿ ಪಕ್ಕ ಕೂತಿದ್ದೆ. ಅಜ್ಜಿ ಬ್ಯಾಗ್ ಅವುಚಿಕೊಂಡು ಮುಂದಿನ ಸ್ಟಾಪಲ್ಲೇ ಇಳಿದು ಓಡಿದ್ರು! ಇಲ್ಲಿ ಜಾಗ ಬಿಡೋದೇ ಮರ್ಯಾದೆ ಅಂತ ಅವತ್ತು ಕಲಿತೆ. ನಿಮಗೂ ಮರ್ಯಾದೆ ಕೊಟ್ಟೆ ಅಷ್ಟೇ..."

"ಒಂದು ವರ್ಷ ಕೊಟ್ಟಿದ್ದು ಸಾಕು!" ಅವಳ ಕಣ್ಣು ತುಂಬಿತು, ಧ್ವನಿ ಮಾತ್ರ ನಡುಗಲಿಲ್ಲ. "ನನಗೆ ನೀವಂದ್ರೆ ಇಷ್ಟ. ಎರಡು ಸಾಲು ದೂರದಲ್ಲಿ ಇನ್ನೊಂದು ವರ್ಷ ಇರೋಕೆ ನನ್ನಿಂದಾಗಲ್ಲ. ಇವತ್ತು ಯಜಮಾನಿಗೆ ಉತ್ತರ ಹೇಳಬೇಕು. ಅವತ್ತು ನಾನಾಗೇ ಬಂದು ಪಕ್ಕದಲ್ಲಿ ಕೂತೆ. ಈ ಸಲ ನೀವು ಬರಬೇಕು. ಬರದಿದ್ರೆ ನಾನು ಊರಿಗೆ ಹೊರಟೆ."

ಹೇಳಿದವಳೇ ತನ್ನ ಸೀಟಿಗೆ ವಾಪಸ್ ಬಂದು ಕೂತಳು. ಪಕ್ಕದಲ್ಲಿಟ್ಟಿದ್ದ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹಿಂದೆ ತಿರುಗಿ ನೋಡಲಿಲ್ಲ. ಒಂದು ಸ್ಟಾಪು ಹೋಯಿತು. ಬಾಗಿಲು ತೆರೆಯಿತು, ಮುಚ್ಚಿತು. 'ಇಳಿದು ಹೋದ್ರಾ?' ಜೀವ ಬಾಯಿಗೆ ಬಂತು.

ಪಕ್ಕದ ಸೀಟು ಮೆಲ್ಲಗೆ ಕಿರ್ ಎಂದಿತು.

ಬಸ್ಸಿನ ಚಾಲಕ ಕನ್ನಡಿಯಲ್ಲಿ ನೋಡಿ ಹುಬ್ಬೇರಿಸಿದ. ಇಷ್ಟು ಸೀಟು ಖಾಲಿ ಇರುವಾಗ ಇವರಿಗೇನಾಗಿದೆ ಅಂದುಕೊಂಡಿರಬೇಕು ಪಾಪ!

ಆಮೇಲೆ ಅವನು ಮೆಲ್ಲಗೆ ಕೇಳಿದ.

"ತಿಂಡಿ ಆಯ್ತಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಇಲ್ಲಿ ಹಾಗೆಲ್ಲ ಸುಮ್ಮನೆ ಕೇಳಬಾರದು ರೀ. ಕೇಳಿದ್ರೆ ಕರೆದ ಹಾಗೆ."

"ಗೊತ್ತಿದ್ದೇ ಕೇಳ್ತಿದೀನಿ."

"ಇವತ್ತೊಂದಿನಕ್ಕಾ?"

"ಇಲ್ಲ... ದಿನಾ."