ಕೈಬಿಟ್ಟ ಗೊಂಬೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹುಟ್ಟಿದೊಡನೆ ಉಸಿರಾಡದ ಕೂಸನ್ನು ಬದುಕಿಸುವುದು ಹೇಗೆಂದು ನರ್ಸುಗಳಿಗೆ ನಾನು ನೀರು ತುಂಬಿದ ಗೊಂಬೆಯ ಮೇಲೆ ಕಲಿಸುತ್ತೇನೆ. ಗೊಂಬೆಗೆ ಜೋಡಿಸಿದ ಕೊಳವೆಯ ತುದಿಯ ರಬ್ಬರ್ ಚೆಂಡನ್ನು ನಾನು ಹಿಚುಕಿದರೆ ಮಾತ್ರ ಅದರ ಹೊಕ್ಕುಳಬಳ್ಳಿ ಮಿಡಿಯುತ್ತದೆ. ಅಂದು, ಬದುಕದ ಕೂಸನ್ನು ಕೈಬಿಡುವುದನ್ನೂ ಕಲಿಯಲಿ ಎಂದು ಚೆಂಡನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತೆ.

ಹೊಸ ನರ್ಸ್ ಒಬ್ಬಳು ಗೊಂಬೆಯ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಗಾಳಿ ಕೊಡುತ್ತಲೇ ಇದ್ದಳು.

“ಸಾಕಮ್ಮ, ಬಿಟ್ಬಿಡು. ಈ ಮಗು ಹೋಯ್ತು.”

“ಇಲ್ಲ ಮೇಡಂ, ಬಳ್ಳಿ ಮಿಡೀತಾ ಇದೆ. ನೀವೇ ಮುಟ್ಟಿ ನೋಡಿ.”

“ನನ್ನ ಹತ್ರ ತಮಾಷೆ ಬೇಡ” ಎಂದು ಗದರಿ ಮಾಸ್ಕ್ ಕಿತ್ತುಕೊಂಡೆ. ಆಮೇಲೆ ಬಳ್ಳಿ ಮುಟ್ಟಿದೆ. ಬೆಳಿಗ್ಗೆ ನಾನೇ ತಣ್ಣೀರು ತುಂಬಿಸಿದ್ದ ಗೊಂಬೆ ಬೆಚ್ಚಗಿತ್ತು. ನನ್ನ ಬೆರಳಡಿಯಲ್ಲಿ ಮಿಡಿತ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು. ಚೆಂಡು ಮೇಜಿನ ಮೇಲೆಯೇ ಇತ್ತು.

ಗೊಂಬೆಯ ಮೈ ಪೂರ್ತಿ ತಣ್ಣಗಾಗುವಷ್ಟರಲ್ಲಿ ಸಂಜೆಯಾಗಿತ್ತು.