ಅಮ್ಮನ ಎರಡು ಗೇಣು

"ಸುಮ್ನಿರಿ ಎಲ್ರೂ, ಮೆಸೇಜು ಶುರುವಾಯ್ತು," ಎಂದು ಎದುವಿನಾ ಅಜ್ಜಿ ಗದರಿದಳು.

ಅಡುಗೆಮನೆಯಲ್ಲಿ ಅಜ್ಜಿಯನ್ನು ಬಿಟ್ಟರೆ ಇದ್ದದ್ದು ಮೊಮ್ಮಗಳು ಮಿರೆಯಾ ಮತ್ತು ಒಲೆಯ ಪಕ್ಕ ಮಲಗಿದ್ದ ಬೆಕ್ಕು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಆದರೂ ಮಿರೆಯಾ ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿ ರೇಡಿಯೊ ಹತ್ತಿರ ಸರಿದಳು.

ಆಗ ನಮ್ಮ ಚಿಲೊಯೆ ದ್ವೀಪದಲ್ಲಿ ಮನೆಮನೆಗೆ ಫೋನಿರಲಿಲ್ಲ. ದೂರ ಹೋದವರು ಹೇಳಬೇಕಾದ್ದನ್ನು ರೇಡಿಯೊದವರಿಗೆ ಹೇಳುತ್ತಿದ್ದರು. ರೇಡಿಯೊದವರು ಅದನ್ನು ಸಂಜೆ ಊರಿಗೆಲ್ಲ ಕೇಳುವಂತೆ ಓದುತ್ತಿದ್ದರು. ಯಾರ ಹಸು ಕರು ಹಾಕಿತು, ಯಾರ ಮಗ ಯಾವ ದೋಣಿಗೆ ಬರುತ್ತಾನೆ ಎಂಬುದೆಲ್ಲ ಎಲ್ಲರಿಗೂ ಗೊತ್ತಿರುತ್ತಿತ್ತು. ಗುಟ್ಟು ಎಂಬ ಪದಾರ್ಥ ನಮ್ಮ ಕಡೆ ಬೆಳೆಯುತ್ತಲೇ ಇರಲಿಲ್ಲ.

"ಮಿರೆಯಾ ಕಾರ್ಕಮೊಗೆ, ಅವಳ ಅಮ್ಮ ನಿಲ್ಡಾ ತಿಳಿಸುವುದು," ಎಂದಿತು ರೇಡಿಯೊ. "ಈ ಚಳಿಗಾಲಕ್ಕೆ ಬರಲು ರಜೆ ಸಿಗಲಿಲ್ಲ. ಬೂದು ನೂಲಿನ ಸ್ವೆಟರನ್ನು ನೀನೇ ಹೆಣೆಯಲು ಶುರು ಮಾಡು. ಅಗಲ ಎರಡು ಗೇಣು. ಕಾಲು ಬೆಚ್ಚಗಿಟ್ಟುಕೋ."

ಅದರ ಹಿಂದೆಯೇ ಯಾರದೋ ಕಳೆದುಹೋದ ಹಂದಿಯ ಸುದ್ದಿ ಬಂತು. ಅಜ್ಜಿ ರೇಡಿಯೊ ಆರಿಸಿದಳು. ಮಿರೆಯಾ ಮತ್ತೆ ಆಲೂಗಡ್ಡೆ ಸುಲಿಯತೊಡಗಿದಳು. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಗುತ್ತಿತ್ತು. 

ಅಮ್ಮ ದೂರದ ದಕ್ಷಿಣದಲ್ಲಿ, ಒಂದು ಕುರಿ ಫಾರ್ಮಿನಲ್ಲಿ ಅಡುಗೆ ಮಾಡುತ್ತಿದ್ದಳು. ಹೋದದ್ದು ಹಿಂದಿನ ವರ್ಷ. ಹೋಗುವ ಮೊದಲು ಅಮ್ಮ ಮಗಳು ಸೇರಿ ತಮ್ಮ ಬೂದು ಕುರಿಯ ಉಣ್ಣೆಯನ್ನೆಲ್ಲ ನೂತು ಉಂಡೆ ಮಾಡಿದ್ದರು. ಇದು ಮಾರೋದಕ್ಕಲ್ಲ, ನಿಂಗೆ, ಬಂದ ಮೇಲೆ ಇಬ್ರೂ ಕೂತು ಹೆಣೆಯೋಣ ಎಂದು ಅಮ್ಮ ಹೇಳಿದ್ದಳು. ಅಂದಿನಿಂದ ಆ ಉಂಡೆಗಳು ಚೀಲದಲ್ಲಿ ತೊಲೆಗೆ ನೇತಾಡುತ್ತಿದ್ದವು. ಅಜ್ಜಿಯೂ ಅವನ್ನು ಮುಟ್ಟುವಂತಿರಲಿಲ್ಲ.

ಮಾರನೆಯ ದಿನ ಸ್ಕೂಲಿನ ಗೇಟಿನಲ್ಲೇ ಎಲಿಸಿಯೊ ಕಾದಿದ್ದ. ಅವನು ಪಕ್ಕದ ಮನೆಯವನು, ಒಂದೇ ಕ್ಲಾಸಿನವನು.

"ಏಯ್ ಎರಡು ಗೇಣು, ಕಾಲು ಬೆಚ್ಚಗಿದ್ಯಾ?"

"ಹೂಂ, ಬೆಚ್ಚಗಿದೆ. ನೀನು ಸ್ನಾನ ಮಾಡಿದ್ಯಾ?" ಎಂದಳು ಮಿರೆಯಾ.

ಎಲ್ಲರೂ ನಕ್ಕರು. ಎಲಿಸಿಯೊನ ಅಪ್ಪ ಅದೇ ಫಾರ್ಮಿನಲ್ಲಿ ಕುರಿ ಕಾಯುವವನು. ಹಿಂದಿನ ತಿಂಗಳು ಅವನಿಂದ ಬಂದ ಮೆಸೇಜಿನಲ್ಲಿ, ಹಂದಿಗೆ ಔಷಧಿ ಹಾಕಿ, ಎಲಿಸಿಯೊಗೆ ಸ್ನಾನ ಮಾಡಿಸಿ ಎಂದಿತ್ತು. ಮಿರೆಯಾ ಗೆದ್ದಿದ್ದಳು. ಆದರೆ ಗೆದ್ದ ಖುಷಿ ಕ್ಲಾಸಿನ ಬಾಗಿಲವರೆಗೂ ಬರಲಿಲ್ಲ.

ಮನೆಗೆ ಬಂದವಳೇ ಸ್ಟೂಲು ಹತ್ತಿ ಚೀಲ ಇಳಿಸಿದಳು. ಮೂಗು ಒಳಗಿಟ್ಟು ನೋಡಿದಳು. ಕುರಿಯ ಜಿಡ್ಡಿನ ವಾಸನೆ, ಒಲೆಯ ಹೊಗೆಯ ವಾಸನೆ ಹಾಗೇ ಇತ್ತು. ಅಮ್ಮನ ಕೈಗಳಿಗೂ ಇದೇ ವಾಸನೆ. ಅಮ್ಮ ಈಗಲೇ, ಈ ಬಾಗಿಲಲ್ಲೇ ಬರಬಾರದೇ ಅನ್ನಿಸಿತು ಅವಳಿಗೆ.

"ಕಡ್ಡಿಗೆ ಮೊದಲ ಸಾಲು ಕುಣಿಕೆ ನಾನು ಎತ್ತಿಕೊಡ್ಲಾ?" ಎಂದು ಕೇಳಿದಳು ಅಜ್ಜಿ.

"ಬೇಡ. ನಂಗೆ ಬರತ್ತೆ."

ಬರುತ್ತಿತ್ತು, ಸುಳ್ಳಲ್ಲ. ಭಾನುವಾರದ ಸಂತೆಗೆ ಅಜ್ಜಿ ಹೆಣೆಯುವ ಕಾಲುಚೀಲಗಳಲ್ಲಿ ಅರ್ಧಕ್ಕರ್ಧ ಮಿರೆಯಾಳವೇ. ಆದರೆ ಹೆಣೆದದ್ದೆಲ್ಲ ಸಂತೆಗೇ ಹೋಗುತ್ತಿತ್ತು. ಹೆಣೆಯೋರ ಮೈಮೇಲೆ ಯಾವತ್ತೂ ಹರಕಲೇ ಎಂದು ಅಜ್ಜಿ ತನ್ನ ತೂತು ಬಿದ್ದ ಮೊಣಕೈ ತೋರಿಸಿ ನಗುತ್ತಿದ್ದಳು. ತನಗೆಂದೇ ಒಂದು ಸ್ವೆಟರ್ ಶುರು ಮಾಡುತ್ತಿರುವುದು ಮಿರೆಯಾಳಿಗೆ ಇದೇ ಮೊದಲು.

ಅವಳು ಬೆರಳು ಚಾಚಿ ಎರಡು ಗೇಣು ಅಳೆದಳು. ಸ್ವೆಟರಿನ ಮುಂಭಾಗಕ್ಕೆಂದು ಅಷ್ಟಗಲಕ್ಕೆ ಕಡ್ಡಿಯ ಮೇಲೆ ಕುಣಿಕೆ ಎತ್ತಿದಳು. ದಿನವೂ ಸ್ಕೂಲು ಮುಗಿಸಿ ಬಂದು, ಅಜ್ಜಿಗೆ ಬೆನ್ನು ಹಾಕಿ ಕೂತು ಹೆಣೆದಳು. ಅಮ್ಮ ಹೇಳಿದ್ದು ಅವಳಿಗೆ. ನಡುವೆ ಯಾರೂ ಬರುವುದು ಬೇಡ.

ಹೊಟ್ಟೆಯಿಂದ ಎದೆಯವರೆಗೆ ಬಂದಿರಬಹುದು ಅನ್ನಿಸಿದಾಗ ಎದ್ದು ಮೈಗೆ ಹಿಡಿದು ನೋಡಿದಳು. ಎರಡು ಕಡೆಯೂ ಅಂಗಿ ಕಾಣುತ್ತಿತ್ತು. ಎಳೆದರೂ ಸಾಲಲಿಲ್ಲ. ಬೆಕ್ಕಿಗಾದರೆ ಹೇಳಿ ಮಾಡಿಸಿದ ಹಾಗಿತ್ತು.

"ಅಮ್ಮಂಗೆ ನನ್ನ ಅಳತೆನೇ ಮರ್ತೋಗಿದೆ," ಎಂದು ಹೇಳಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೆಸೇಜು ಬಂದ ಸಂಜೆ ಬಾರದ ಅಳುವೂ ಈಗಲೇ ಬಂತು.

ಅಜ್ಜಿ ಕದಿರು ಕೆಳಗಿಟ್ಟು ಹತ್ತಿರ ಬಂದಳು. ಹೆಣಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಯಾರ ಗೇಣಲ್ಲಿ ಅಳೆದೆ?"

"ನಂದೇ."

"ಅಯ್ಯೋ ಹುಚ್ಚಿ," ಎಂದು ಅಜ್ಜಿ ನಗಲು ಹೋಗಿ ನಿಲ್ಲಿಸಿಕೊಂಡಳು. "ಅವಳು ಹೇಳಿದ್ದು ಅವಳ ಗೇಣು ಕಣೇ."

ಮಿರೆಯಾ ಅಳು ನಿಲ್ಲಿಸಿದಳು. ಅಮ್ಮನ ಗೇಣನ್ನು ಈಗ ಎಲ್ಲಿಂದ ತರುವುದು? ಅಜ್ಜಿಯ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾಗಿದ್ದವು, ಅವು ಪೂರ್ತಿ ಚಾಚುತ್ತಲೇ ಇರಲಿಲ್ಲ.

ಅಜ್ಜಿ ಊಟದ ಮೇಜಿನ ಅಂಚನ್ನು ತೋರಿಸಿದಳು. ಅಲ್ಲಿ ಮೂಲೆಯಿಂದ ಸ್ವಲ್ಪ ದೂರಕ್ಕೆ ಒಂದು ಚಾಕುವಿನ ಗೀರು, ಇನ್ನಷ್ಟು ದೂರಕ್ಕೆ ಇನ್ನೊಂದು ಗೀರು. ಸಂತೆಯ ಸ್ವೆಟರುಗಳನ್ನು ಹೆಣೆಯುವಾಗ ಮತ್ತೆ ಮತ್ತೆ ಅಳೆಯುವ ರಗಳೆ ಬೇಡವೆಂದು ಅಮ್ಮ ಮಾಡಿದ ಗುರುತು ಅವು. ಒಂದು ಗೇಣು, ಎರಡು ಗೇಣು. ದಿನವೂ ಅದರ ಮೇಲೆ ಕೈಯಿಟ್ಟೇ ಮಿರೆಯಾ ಊಟ ಮಾಡುತ್ತಿದ್ದಳು.

ಅವಳು ಮೂಲೆಯಲ್ಲಿ ಹೆಬ್ಬೆರಳು ಊರಿ ಕೈ ಚಾಚಿದಳು. ಕಿರುಬೆರಳು ಮೊದಲನೆಯ ಗೀರಿಗೆ ಮುಟ್ಟಲಿಲ್ಲ. ಎರಡು ಬೆರಳಿನಷ್ಟು ಜಾಗ ಉಳಿಯಿತು. ಆ ಜಾಗವನ್ನು ಅವಳು ಇನ್ನೊಂದು ಕೈಯಿಂದ ಸವರಿದಳು.

ಆಮೇಲೆ ಎರಡನೆಯ ಗೀರಿನವರೆಗೆ ನೂಲು ಹಿಡಿದು, ಅದನ್ನು ಎದೆಗೆ ಇಟ್ಟುಕೊಂಡಳು. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ನೂಲು ಹೇಗೋ ತಲುಪಿತು, ಅಷ್ಟೆ. ಒಳಗೆ ಅಂಗಿ ಹಾಕಿದರೆ ಬಿಗಿ, ಉಸಿರೆಳೆದರೆ ಇನ್ನೂ ಬಿಗಿ.

"ಅಮ್ಮಂಗೆ ಗೊತ್ತಿಲ್ಲ, ಅಲ್ವಾ ಅಜ್ಜಿ? ನಾನು ಬೆಳ್ದಿರೋದು."

"ಗೊತ್ತಿರತ್ತೆ. ಎಷ್ಟು ಅನ್ನೋದು ಗೊತ್ತಿಲ್ಲ," ಎಂದಳು ಅಜ್ಜಿ.

ಆ ವಾರವೇ ಎಲಿಸಿಯೊನ ಅಪ್ಪ ನಾಲ್ಕು ದಿನದ ಮಟ್ಟಿಗೆ ಊರಿಗೆ ಬಂದಿದ್ದ. ಮಿರೆಯಾ ಹೊಸ ನೂಲು ತೆಗೆದುಕೊಂಡು, ಮೈಗೆ ಸಡಿಲವಾಗಿ ಹಿಡಿದು ಕತ್ತರಿಸಿದಳು. ತನ್ನ ಕೈಯಲ್ಲಿ ಅಳೆದರೆ ಸರಿಯಾಗಿ ಮೂರು ಗೇಣು. ಎರಡೂ ತುದಿಗೆ ಗಂಟು ಹಾಕಿ ಎಲಿಸಿಯೊನ ಮನೆಗೆ ಹೋದಳು. ಬಾಗಿಲು ತೆರೆದವನು ಅವನೇ.

"ಏನಿದು, ಬರೀ ದಾರ?"

"ನಿಮ್ಮಪ್ಪಂಗೆ ಕೊಡು. ಅಮ್ಮಂಗೆ ಕೊಡೋದಕ್ಕೆ. ಗೊತ್ತಾಗತ್ತೆ ಅವ್ಳಿಗೆ."

ಎಲಿಸಿಯೊ ಏನೋ ತಮಾಷೆ ಮಾಡಲು ಬಾಯಿ ತೆರೆದ. ಗಂಟುಗಳನ್ನು ನೋಡಿ ಮತ್ತೆ ಮುಚ್ಚಿದ. ದಾರವನ್ನು ಸುತ್ತಿ ಅಪ್ಪನ ಚೀಲದ ಒಳಜೇಬಿನಲ್ಲಿ ತಾನೇ ಇಟ್ಟ.

ಮನೆಗೆ ಬಂದು ಮಿರೆಯಾ ಹೆಣೆದದ್ದನ್ನೆಲ್ಲ ಬಿಚ್ಚಿ, ಮೂರು ಗೇಣಿಗೆ ಮತ್ತೆ ಕುಣಿಕೆ ಎತ್ತಿದಳು. ಬೆಳೆಯುವ ಮಕ್ಕಳಿಗೆ ಇನ್ನೆರಡು ಬೆರಳು ಹೆಚ್ಚಿಗೆ ಹಾಕಬೇಕು ಎಂದು ಅಜ್ಜಿ ಎಷ್ಟು ಹೇಳಿದರೂ ಕೇಳಲಿಲ್ಲ. ದಾರ ನೋಡಿದ ಕೂಡಲೇ ಅಮ್ಮ ಹೊರಟುಬರುತ್ತಾಳೆ ಎಂದು ಅವಳ ಲೆಕ್ಕ. ಬಂದಾಗ ಸ್ವೆಟರ್ ಮೈಗೆ ಸರಿಯಾಗಿ ಕೂರಬೇಕು, ಜೋತಾಡಬಾರದು.

ಹೆಣಿಗೆ ಗೇಣುದ್ದ ಬೆಳೆದಿತ್ತು. ಒಂದು ಸಂಜೆ ಅಜ್ಜಿ ಒಲೆಯ ಮೇಲೆ ಆಲೂಗಡ್ಡೆ ರೊಟ್ಟಿ ಮಗುಚುತ್ತಿದ್ದಾಗ ರೇಡಿಯೊ ಮಿರೆಯಾಳ ಹೆಸರು ಕರೆಯಿತು.

"ಮಿರೆಯಾ ಕಾರ್ಕಮೊಗೆ, ಅವಳ ಅಮ್ಮ ನಿಲ್ಡಾ ತಿಳಿಸುವುದು. ದಾರ ತಲುಪಿತು. ಅಳೆದು ನೋಡಿದೆ. ನನ್ನ ಕೈಯಲ್ಲಿ ಎರಡು ಗೇಣು, ನಾಲ್ಕು ಬೆರಳು. ಇನ್ನೆರಡು ಬೆರಳು ಹೆಚ್ಚಿಗೆ ಹಾಕಿಕೋ."

ಓದುವವನು ಮುಂದಿನ ಹೆಸರು ಓದಿದ.

ಅಜ್ಜಿ ಬೆನ್ನು ತಿರುಗಿಸಿಯೇ ನಿಂತಿದ್ದಳು. ನಾನು ಆಗಲೇ ಹೇಳಿದ್ದೆ ಎಂದು ಅನ್ನಲಿಲ್ಲ.

ಮಿರೆಯಾ ಹೆಣಿಗೆಯನ್ನು ನೋಡುತ್ತ ಕೂತಳು. ಎರಡು ಬೆರಳು ಅಂದರೆ ಎಷ್ಟು ಚಳಿಗಾಲ ಎಂದು ಅವಳು ಯಾರನ್ನೂ ಕೇಳಲಿಲ್ಲ. ಅಲ್ಲಿ, ಫಾರ್ಮಿನ ಅಡುಗೆಮನೆಯಲ್ಲಿ, ಅಮ್ಮ ಯಾವುದೋ ಮೇಜಿನ ಮೇಲೆ ಆ ದಾರವನ್ನು ಹಾಸಿರಬೇಕು. ಅದರ ಮೇಲೆ ಕೈ ಚಾಚಿ, ತೆಗೆದು, ಮತ್ತೆ ಚಾಚಿರಬೇಕು.

ಅವಳು ಕಡ್ಡಿಯನ್ನು ಮೆಲ್ಲಗೆ ಹೊರಗೆಳೆದು ಎಳೆ ಜಗ್ಗಿದಳು. ನೂಲು ಸರಸರನೆ ಬಿಚ್ಚಿಕೊಂಡಿತು. ಬೆಕ್ಕು ಅದರ ಹಿಂದೆ ಓಡಿತು.

ಮೇಜಿನ ಮೂಲೆಗೆ ಬಂದು ಕೈ ಚಾಚಿದಳು. ಒಂದು ಗೇಣು, ಎರಡು ಗೇಣು, ಮೂರು ಗೇಣು. ಆಮೇಲೆ ಅದರ ಪಕ್ಕಕ್ಕೆ ಎರಡು ಬೆರಳು ಜೋಡಿಸಿ ಇಟ್ಟಳು.

"ಅಜ್ಜಿ, ಇಲ್ಲಿ ಒಂದು ಗೀರು ಹಾಕು," ಎಂದಳು.

ಅಜ್ಜಿ ಚಾಕು ತಂದಳು.